ಅಂಕಲಿ ಮಠದ ಕತ್ತಲಲ್ಲಿಟ್ಟ ಹೆಸರುಗಳು

ಎಪ್ಪತ್ನಾಲ್ಕರ ಬೇಸಿಗೆ ರಜೆಯಲ್ಲಿ ಯಲ್ಲದಕೆರೆಯ ಏಕಾಂತಮ್ಮ ತನ್ನ ಅತ್ತೆ ಕಾಳಕ್ಕನನ್ನು ಚಂದ್ರವಳ್ಳಿ ತೋರಿಸಲು ಕರೆದುಕೊಂಡು ಹೋದಳು. ಏಕಾಂತಮ್ಮ ಹಿರಿಯೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಕಲಿಸುತ್ತಿದ್ದಳು. ಕಾಳಕ್ಕ ಕುರಿ ಕಾಯುತ್ತ ಬೆಳೆದವಳು. ಸೊಸೆ ಮನೆಗೆ ಬಂದು ಎರಡು ವರ್ಷವಾದರೂ ಇಬ್ಬರ ನಡುವೆ ಅಡುಗೆ, ಊಟ ದಾಟಿದ ಮಾತಿರಲಿಲ್ಲ.

ಅಲ್ಲಿನ ಅಂಕಲಿ ಮಠದ ನೆಲದಡಿಯ ಗವಿಗಳಲ್ಲಿ ಕೋಣೆಯಿಂದ ಕೋಣೆಗೆ ಬಗ್ಗಿ ಇಳಿಯುವಾಗ ಏಕಾಂತಮ್ಮನ ಕಾಲು ಜಾರಿತು. ಟಾರ್ಚು ಕಲ್ಲಿಗೆ ಬಡಿದು ಆರಿಹೋಯಿತು. ಕಣ್ಣು ಬಿಟ್ಟರೂ ಒಂದೇ, ಮುಚ್ಚಿದರೂ ಒಂದೇ. ಕೂಗಿದರು, ಕೂಗು ಗೋಡೆಗೆ ಬಡಿದು ಅವರ ಮೇಲೇ ಬಿತ್ತು. ತಡವುತ್ತ ಒಂದು ಬಾಗಿಲು ಹೊಕ್ಕರು, ಇನ್ನೊಂದು ಹೊಕ್ಕರು. ಬಂದದ್ದು ಹೊಸ ಜಾಗವೋ, ಹಳೆಯದೋ ತಿಳಿಯಲಿಲ್ಲ. ಏಕಾಂತಮ್ಮನಿಗೆ ಛಾವಣಿ ಎದೆಯ ಮೇಲೆ ಕೂತಂತಾಯಿತು.

“ಎಲ್ಲಿದೀವೇ?” ಎಂದಳು ಕಾಳಕ್ಕ.

“ಗೊತ್ತಿಲ್ಲ ಅತ್ತೆ.” ಸುಮ್ಮನಾದರೆ ಅಳು ಬಂದೀತೆಂದು ಅವಳು ಬಾಯಿಗೆ ಬಂದದ್ದನ್ನು ಹೇಳತೊಡಗಿದಳು. “ಚಂದ್ರನ ಮ್ಯಾಲೆ ಇಳಿದೋರಿಗೂ ಎತ್ತ ನೋಡಿದ್ರೂ ಗುಂಡಿ, ಎಲ್ಲಾ ಒಂದೇ ಥರ. ಅದಕ್ಕೆ ತಾವು ಇಳಿಯೋ ಜಾಗದ ಸುತ್ತ ಸಣ್ಣ ಸಣ್ಣ ಗುಂಡಿಗೂ ಹೆಸರಿಟ್ಕಂಡಿದ್ರು. ಒಂದಕ್ಕೆ ಹಣ್ಣಿನ ಹೆಸರು, ಒಂದಕ್ಕೆ ಕುಳ್ಳ ಅಂತ. ಎಲ್ಲಿದೀವಿ ಅಂತ ಹೇಳಾಕೆ.”

“ಹಂಗಾರೆ ನಾವೂ ಇಡಾಣ ಬಾ.”

ದೀಪದ ಗೂಡು ಕೈಗೆ ಸಿಕ್ಕ ಕೋಣೆ ‘ಎಣ್ಣೆಗೂಡು’ ಆಯಿತು. ಸೊಂಟ ಬಗ್ಗಿಸಿ ನುಸುಳಿದ್ದು ‘ಗೂನಿ’. ಎಣ್ಣೆಗೂಡಿನಿಂದ ಎಡಕ್ಕೆ ಹೋದರೆ ಮತ್ತೆ ಗೂನಿಯೇ ಸಿಗುತ್ತಿತ್ತು. ಒಂದು ದಾರಿ ತಪ್ಪೆಂದು ಗೊತ್ತಾದದ್ದೇ ಸಮಾಧಾನ. ಬಲಕ್ಕೆ ತೆವಳಿದಾಗ ಏಕಾಂತಮ್ಮ ಮೊಣಕಾಲಾಳದ ಕುಣಿಗೆ ಬಿದ್ದಳು. ಪೆಟ್ಟೇನೂ ಆಗಲಿಲ್ಲ, ಆದರೆ ಏಳುವ ಮನಸ್ಸೇ ಬರಲಿಲ್ಲ.

“ನನ್ನ ಕೈಲಾಗಲ್ಲ ಅತ್ತೆ. ನೀವು ಹೋಗ್ರಿ.”

ಕಾಳಕ್ಕ ಅವಳ ರಟ್ಟೆ ಹಿಡಿದು ಎತ್ತಿದಳು. “ಈ ಕುಣಿಗೆ ಸಿದ್ದಿ ಅಂತ ಇಡು.”

“ಯಾರು ಸಿದ್ದಿ?”

“ನಿನ್ನ ಗಂಡನ ಬೆನ್ನಿಗೆ ಹುಟ್ಟಿದೋಳು. ಬಾವಿಗೆ ಬಿದ್ದು ಹೋದ್ಲು. ಮನ್ಯಾಗೆ ಆ ಹೆಸರು ಎತ್ತಬ್ಯಾಡ ಅಂದ್ರು ನಿಮ್ಮಾವ.”

ಏಕಾಂತಮ್ಮ ಅತ್ತೆಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಇಬ್ಬರೂ ಸಿದ್ದಿಯನ್ನು ಸುತ್ತುಹಾಕಿ ಗೋಡೆಗುಂಟ ಸರಿದರು. ಅಷ್ಟರಲ್ಲಿ ತಣ್ಣಗಿದ್ದ ಮುಖಕ್ಕೆ ಬಿಸಿಗಾಳಿ ತಾಕಿತು. ಗಾಳಿ ಬಂದತ್ತ ಅಂಗೈ ಊರುತ್ತ ಹೋದರೆ ಮೆಟ್ಟಿಲು. ಮೆಟ್ಟಿಲ ಮೇಲೆ ಬೂದಿಬಣ್ಣದ ಬೆಳಕು.

ಹಿರಿಯೂರಿನ ಬಸ್ಸಿನಲ್ಲಿ ಏಕಾಂತಮ್ಮ ಮೆಲ್ಲಗೆ ಕೇಳಿದಳು, “ಸಿದ್ದಿ ನಿಮ್ಮಂಗೇ ಇದ್ಲಾ?”

“ಎಲ್ಲಿ! ಬಲು ಬಾಯಿಬಡುಕಿ,” ಎಂದಳು ಕಾಳಕ್ಕ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ. ಬಸ್ಸು ಐಮಂಗಲ ದಾಟಿದರೂ ಅವಳ ಮಾತು ಮುಗಿದಿರಲಿಲ್ಲ.