ಕೂರುವ ಕೆಲಸ

ಕೊರ್ಕೊಯ್‌ಳ ಕೆಲಸ ಕೂರುವುದು. ಕನೇಶಿ ಮಾರುಕಟ್ಟೆಯ ಹಿಂದಿನ ನಿಲ್ದಾಣದಲ್ಲಿ ಖಾಲಿ ವ್ಯಾನಿಗೆ ಯಾರೂ ಹತ್ತುವುದಿಲ್ಲ. ತುಂಬಿದ ಮೇಲಷ್ಟೇ ಹೊರಡುವ ಗಾಡಿಯಲ್ಲಿ ಮೊದಲೇ ಹೋಗಿ ಕೂತು ಬೇಯುವುದು ಯಾರಿಗೆ ಬೇಕು? ಅದಕ್ಕೇ ಗಾಡಿ ಸಾಲಿಗೆ ಬಂದು ನಿಂತ ಕೂಡಲೇ, ಕೂಗಿ ಕರೆದು ಗಾಡಿ ತುಂಬಿಸುವ ಅಟ್ಟೊ ದಿನಗೂಲಿಯ ತನ್ನ ಜನರನ್ನು ಒಳಗೆ ಕೂರಿಸುತ್ತಾನೆ. ಇನ್ನೇನು ತುಂಬಿತು ಎಂದುಕೊಂಡು ನಿಜವಾದ ಪ್ರಯಾಣಿಕರು ಬರುತ್ತಾರೆ. ಅವರು ಬಂದಂತೆ ಕೂತವರು ನೀರು ತರುತ್ತೇನೆಂದೋ, ಏನನ್ನೋ ಮರೆತೆನೆಂದೋ ಒಬ್ಬೊಬ್ಬರಾಗಿ ಇಳಿದು, ಮುಂದಿನ ಗಾಡಿಗೆ ಹೋಗಿ ಕೂರುತ್ತಾರೆ.

"ದಿನಾ ಕಸೋವಾಗೆ ಹೊರಡ್ತೀನಿ, ಒಂದು ದಿನಾನೂ ತಲುಪಿಲ್ಲ," ಎಂದು ಅವಳೇ ನಗುತ್ತಿದ್ದಳು.

ಅಟ್ಟೊ ಅವಳನ್ನು ಯಾವಾಗಲೂ ಕಿಟಕಿಯ ಪಕ್ಕ, ಹೊರಗಿನಿಂದ ಕಾಣುವ ಹಾಗೆ ಕೂರಿಸುತ್ತಿದ್ದ. ತಲೆಗೆ ಕಟ್ಟಿದ ನೀಲಿ ಬಟ್ಟೆ, ತೊಡೆಯ ಮೇಲೆ ಬುಟ್ಟಿ, ಕೈಯಲ್ಲಿ ಬೀಸಣಿಗೆ. ಸಂಜೆ ಕೆಲಸ ಮುಗಿಸಿ ಬರುವ ಹುಡುಗಿಯರು ಗಾಡಿಯ ಹೆಸರು ನೋಡುವುದಿಲ್ಲ, ಚಾಲಕನ ಮುಖವನ್ನೂ ನೋಡುವುದಿಲ್ಲ. ಒಳಗೆ ಹೆಂಗಸು ಇದ್ದಾಳೆಯೇ ಎಂದು ನೋಡುತ್ತಾರೆ. ಅವರ ತಾಯಂದಿರು ಹೇಳಿಕೊಟ್ಟಿದ್ದು ಅದು. ಕೊರ್ಕೊಯ್ ಕೂಡ ತನ್ನ ಮಗಳಿಗೆ ಅದನ್ನೇ ಹೇಳಿಕೊಟ್ಟಿದ್ದಳು.

"ನೀನು ಕೂತ್ರೆ ಸಾಕು, ಹೆಣ್ಮಕ್ಳು ಬೆಲ್ಲಕ್ಕೆ ಇರುವೆ ಬಂದ ಹಾಗೆ ಬರ್ತಾರೆ," ಎನ್ನುತ್ತಿದ್ದ ಅಟ್ಟೊ.

"ಬೆಲ್ಲ ಸವೀತಾ ಬಂತು ಕಣೋ. ಸೊಂಟ ನೋಡು."

"ಕೂರೋ ಕೆಲಸಕ್ಕೆ ಸೊಂಟ ನೋಯುತ್ತಾ? ಹಾಗಾದ್ರೆ ನಿಂತ್ಕೊಂಡಿರೋ ನಾನು ಸತ್ತೇ ಹೋಗ್ಬೇಕಿತ್ತು."

ಆ ಸಂಜೆ ನಿಲ್ದಾಣದಲ್ಲಿ ಗಾಡಿಗಳೇ ಇರಲಿಲ್ಲ. ಮಧ್ಯಾಹ್ನದಿಂದ ಬಂಕುಗಳಲ್ಲಿ ಪೆಟ್ರೋಲ್ ಸಿಗದೆ ವ್ಯಾನುಗಳೆಲ್ಲ ಆ ಬಂಕುಗಳ ಮುಂದೆಯೇ ಸಾಲುಗಟ್ಟಿದ್ದವು. ದೂರದ ಮರುಭೂಮಿಯಿಂದ ಗಾಳಿ ಹೊತ್ತು ತಂದ ಧೂಳು ಆಕಾಶಕ್ಕೆಲ್ಲ ಕವಿದು ಬೇಗನೆ ಕತ್ತಲಾಗುತ್ತಿತ್ತು. ಜನ ಗೇಟಿನಿಂದಾಚೆಗೂ ಚೆಲ್ಲಿದ್ದರು. ಅಟ್ಟೊ ಬಂದು ಅವಳ ಮೊಣಕೈ ಹಿಡಿದ.

"ಬಾ, ಹೊರಗೊಂದು ಕಾರಿದೆ. ಒಂದು ಸಲ ಕೂತು ಬಾ."

"ಹೊರಗಿನ ಗಾಡಿಗಾ? ಅಕ್ವೆಲೆಗೆ ಆಗಿದ್ದು ಮರೆತೆಯಾ?"

ಟೊಮೇಟೊ ಮಾರುವವಳ ಮಗಳು ಅಕ್ವೆಲೆ ಹೀಗೇ ಗೇಟಿನ ಹೊರಗೆ ಒಂದು ಕಾರು ಹತ್ತಿದ್ದಳು. ಮರುದಿನ ಉಪ್ಪಿನ ಕೊಳಗಳ ಹತ್ತಿರ ಸಿಕ್ಕಿದಳು. ಜೀವ ಇತ್ತು. ಅಂದಿನಿಂದ ಮಾತಿಲ್ಲ.

"ಇವನು ನನಗೆ ಗೊತ್ತಿರೋನು," ಎಂದ ಅಟ್ಟೊ. ಗೊತ್ತಿರುವವನು ಎನ್ನುವಾಗ ಅವನು ಅವಳ ಮುಖ ನೋಡಲಿಲ್ಲ. "ಬೇಡ ಅಂದ್ರೆ ಬೇಡ. ನಾಳೆಯಿಂದ ಬೇರೆಯವರನ್ನ ನೋಡ್ಕೋತೀನಿ."

ಅವಳು ಹೋದಳು. ಬೂದು ಬಣ್ಣದ ಕಾರು. ಮುಂದೆ ಚಾಲಕನ ಪಕ್ಕ ಒಬ್ಬ, ಹಿಂದೆ ಎಡಗಡೆ ಒಬ್ಬ. ಇಬ್ಬರೂ ಅವಳಿಗೆ ನಮಸ್ಕಾರ ಹೇಳಿದರು. ಅವಳು ಬಲಗಡೆ ಕಿಟಕಿಯ ಹತ್ತಿರ ಕೂತು ಬೀಸಣಿಗೆ ಬೀಸತೊಡಗಿದಳು.

ಬಂದವಳು ಕೂದಲು ಹೆಣೆಯುವ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗಿ. ಚೀಲದ ಬಾಯಿಂದ, ಅಭ್ಯಾಸಕ್ಕೆಂದು ಇಟ್ಟುಕೊಂಡ ಪ್ಲಾಸ್ಟಿಕ್ ತಲೆಯೊಂದು ಅರ್ಧ ಹೆಣೆದ ಜಡೆಯೊಂದಿಗೆ ಹೊರಗೆ ಇಣುಕುತ್ತಿತ್ತು. ಅವಳು ಕಾರಿನ ಸುತ್ತ ಒಂದು ಸಲ ಬಂದು, ಬಗ್ಗಿ ಒಳಗೆ ನೋಡಿದಳು.

"ಅವ್ವಾ, ಕಸೋವಾಗಾ?"

"ಹೂಂ ಮಗಳೇ, ಬಾ. ಇನ್ನೊಂದೇ ಜಾಗ."

ದಿನವೂ ಹೇಳುವ ಮಾತು. ಯೋಚಿಸುವ ಮೊದಲೇ ಬಾಯಿಂದ ಬಂದಿತ್ತು.

ಹಿಂದೆ ಕೂತವನು ಇಳಿದು ಹುಡುಗಿಯನ್ನು ನಡುವೆ ಬಿಟ್ಟುಕೊಂಡ. ಬಾಗಿಲು ಹಾಕಿದ. "ನನ್ನ ಹೆಸರು ಸೆಫಕೋರ್ ಅಂತ, ನಿಮ್ಮ ಜೊತೇಲೇ ಇಳೀತೀನಿ," ಎಂದು ಹುಡುಗಿ ಕೊರ್ಕೊಯ್‌ಳ ತೋಳಿಗೆ ಒತ್ತಿಕೊಂಡು ಕೂತಳು. ಚಾಲಕ ಕನ್ನಡಿಯಲ್ಲಿ ಕೊರ್ಕೊಯ್‌ಗೆ ಕಣ್ಣಿನಿಂದಲೇ ಸನ್ನೆ ಮಾಡಿದ.

"ಅಯ್ಯೋ, ಮೀನಿನ ಪೊಟ್ಟಣ ಅಂಗಡೀಲೇ ಬಿಟ್ಟೆ," ಎನ್ನುತ್ತ ಅವಳು ಬಾಗಿಲು ತೆಗೆದು ಒಂದು ಕಾಲು ಕೆಳಗಿಟ್ಟಳು. ಚಾಲಕ ಕಾರು ಚಾಲೂ ಮಾಡಿದ.

ಕೊರ್ಕೊಯ್‌ಳ ಕಾಲು ಅಲ್ಲೇ ನಿಂತಿತು. ಅವಳು ಇಳಿದರೆ ಒಂದು ಜಾಗ ಖಾಲಿ. ಪೆಟ್ರೋಲ್ ಇಲ್ಲದ ದಿನ, ಅಷ್ಟು ಜನ ಕಾಯುತ್ತಿರುವಾಗ, ಯಾವ ಚಾಲಕ ಖಾಲಿ ಜಾಗ ಇಟ್ಟುಕೊಂಡು ಹೊರಡುತ್ತಾನೆ? "ಇನ್ನೊಬ್ಬರು, ಇನ್ನೊಬ್ಬರು" ಎಂದು ಗಂಟಲು ಹರಿದುಕೊಳ್ಳಬೇಕಿತ್ತು ಅವನು. ಕೂಗಲೇ ಇಲ್ಲ. ಅವನಿಗೆ ಬೇಕಾದವಳು ಹತ್ತಿಯಾಗಿತ್ತು.

"ಇಳಿ," ಎಂದು ಅವಳು ಹುಡುಗಿಯ ಕೈ ಹಿಡಿದೆಳೆದಳು. "ಇಳಿ ಮಗಳೇ, ಬೇಗ!"

ಸೆಫಕೋರ್ ಚೀಲವನ್ನು ಎದೆಗೆ ಅವಚಿಕೊಂಡಳು. "ಬಿಡಿ! ಯಾಕೆ ಎಳೀತೀರಾ? ನೀವೇ ತಾನೇ ಬಾ ಅಂದಿದ್ದು? ಕಳ್ಳಿ!"

ಕಾರು ಜಗ್ಗಿತು. ಕೆಳಗಿದ್ದ ಕಾಲು ನೆಲದ ಮೇಲೆ ಉಜ್ಜಿಕೊಂಡು ಹೋಯಿತು, ಚಪ್ಪಲಿ ಕಳಚಿತು. ಹುಡುಗಿಯ ಕೈ ಬಿಟ್ಟಿದ್ದರೆ ಕೊರ್ಕೊಯ್ ಗೇಟಿನ ಹತ್ತಿರವೇ, ತನ್ನ ಜನರ ನಡುವೆ ಬೀಳುತ್ತಿದ್ದಳು. ಅವಳು ಕಾಲನ್ನು ಒಳಗೆ ಎಳೆದುಕೊಂಡಳು. ಕಾರಿನ ವೇಗಕ್ಕೆ ಬಾಗಿಲು ತಾನೇ ಬಡಿದು ಮುಚ್ಚಿಕೊಂಡಿತು.

ಕಾರು ಮಲ್ಲಂ ಕೂಡುರಸ್ತೆ ದಾಟಿತು. ಆಮೇಲೆ ಪಕ್ಕದವನು ಚಾಕು ತೆಗೆದು ಸೆಫಕೋರ್‌ಳ ಫೋನು ಕಿತ್ತುಕೊಂಡ. ಅವಳು ಚೀರಿದಾಗ ಕೆನ್ನೆಗೆ ಹೊಡೆದ.

"ಏ ಮುದುಕಿ," ಎಂದ ಚಾಲಕ, ಬೇಸರದ ದನಿಯಲ್ಲಿ. "ನಿನ್ನ ಕೆಲಸ ಮುಗಿದಿತ್ತು. ಇಳಿಯೋದು ಬಿಟ್ಟು ಯಾಕೆ ಬಂದೆ?"

ಹುಡುಗಿ ಅಳು ನಿಲ್ಲಿಸಿ ಕೊರ್ಕೊಯ್‌ಳ ಕಡೆ ನೋಡಿದಳು. ಹೊಡೆದವನ ಕಡೆ ಕೂಡ ಅವಳು ಹಾಗೆ ನೋಡಿರಲಿಲ್ಲ.

"ನನ್ನನ್ನ ಬೇಕಾದ್ರೆ ಏನಾದ್ರೂ ಮಾಡ್ರಪ್ಪಾ, ಇದನ್ನ ಬಿಟ್ಟುಬಿಡಿ," ಎಂದಳು ಕೊರ್ಕೊಯ್.

ಮುಂದಿನವನು ನಕ್ಕ. "ನಿನ್ನನ್ನಾ? ನಿನ್ನನ್ನ ತಗೊಂಡು ಏನು, ಸೂಪ್ ಮಾಡೋದಾ?"

ಕಾರು ಉಪ್ಪಿನ ಕೊಳಗಳ ಕಡೆಯ ಮಣ್ಣಿನ ದಾರಿಗೆ ತಿರುಗಲು ನಿಧಾನವಾಯಿತು. ಕೊರ್ಕೊಯ್ ನಿಲ್ದಾಣದಲ್ಲೇ ಇಳಿಯಲಿ ಎಂದು ಅವಳ ಕಡೆಯ ಬಾಗಿಲಿಗೆ ಅವರು ಕೀಲಿ ಹಾಕಿರಲಿಲ್ಲ. ಅವಳು ಎರಡೂ ತೋಳುಗಳಿಂದ ಹುಡುಗಿಯನ್ನು ಅಪ್ಪಿ ಹಿಡಿದು, ಮೊಣಕೈಯಿಂದ ಬಾಗಿಲು ತೆಗೆದು, ಬೆನ್ನು ಮುಂದಾಗಿ ಹೊರಕ್ಕೆ ಬಿದ್ದಳು. ಚಾಕು ಹುಡುಗಿಯ ತೋಳನ್ನು ಸೀಳಿತು. ಹೆದ್ದಾರಿಯಲ್ಲಿ ಹಿಂದಿನಿಂದ ವ್ಯಾನಿನ ದೀಪಗಳು ಬರುತ್ತಿದ್ದವು. ಕಾರು ನಿಲ್ಲದೆ ಹೋಯಿತು.

ಕೊರ್ಕೊಯ್‌ಗೆ ಏಳಲಾಗಲಿಲ್ಲ. ಸೊಂಟದ ಕೆಳಗೆ ಏನೋ ಮುರಿದಿತ್ತು. ಸೆಫಕೋರ್ ಎದ್ದು, ರಕ್ತ ಸುರಿಯುವ ತೋಳನ್ನು ಹಿಡಿದುಕೊಂಡು ದೂರ ನಿಂತಳು.

"ನೀವು ಅವರ ಕಡೆಯವರಾ?"

"ಅಲ್ಲ ಮಗಳೇ. ಕೂರೋದು ನನ್ನ ಕೆಲಸ. ಗಾಡಿ ತುಂಬಿದ ಹಾಗೆ ಕಾಣ್ಲಿ ಅಂತ."

"ನಾನು ನಿಮ್ಮನ್ನ ನೋಡಿ ಹತ್ತಿದೆ."

"ಗೊತ್ತು."

ವ್ಯಾನು ಬಂದು ನಿಂತಿತು. ಜನ ಇಳಿದು ಕೊರ್ಕೊಯ್‌ಳನ್ನು ಎತ್ತಿ ಸೀಟಿನ ಮೇಲೆ ಮಲಗಿಸಿದರು. ಒಳಗಿದ್ದ ವಯಸ್ಸಾದ ಹೆಂಗಸೊಬ್ಬಳು ಮಾರಲು ತಂದ ಕೆಂಕೆಯ, ಬೇಯಿಸಿದ ಜೋಳದ ಹಿಟ್ಟಿನ ಉಂಡೆಗಳ, ಬುಟ್ಟಿಯನ್ನು ಕಾಲ ಬಳಿ ಸರಿಸಿ, ಕಿಟಕಿಯಿಂದ ಕೈ ಚಾಚಿದಳು.

"ಬಾ ಮಗಳೇ, ಹತ್ತು. ಜಾಗ ಇದೆ."

ಸೆಫಕೋರ್ ಹಿಂದೆ ಸರಿದಳು. ಚಾಚಿದ ಕೈಯನ್ನು ನೋಡಿದಳು, ಬುಟ್ಟಿಯನ್ನು ನೋಡಿದಳು. ಇನ್ನೂ ಹಿಂದೆ ಸರಿದಳು.

"ಹತ್ತು ಸೆಫಕೋರ್," ಎಂದು ಕೊರ್ಕೊಯ್ ಒಳಗಿನಿಂದ ಕೂಗಿದಳು. "ಇದು ಒಳ್ಳೇ ಗಾಡಿ. ನನ್ನಾಣೆ."

ಆ ದನಿ ಕೇಳಿದ ಮೇಲೆ ಹುಡುಗಿ ನಿಲ್ಲಲೂ ಇಲ್ಲ. ಕೆಳಗೆ ಬಿದ್ದಿದ್ದ ಚೀಲವನ್ನು ಎತ್ತಿಕೊಂಡು, ರಸ್ತೆಯ ಅಂಚಿನಲ್ಲಿ, ಎದುರಿಗೆ ಬರುವ ಗಾಡಿಗಳೆಲ್ಲ ಕಾಣುವ ಬದಿಗೆ ದಾಟಿ ನಡೆಯತೊಡಗಿದಳು. ಊರು ಇನ್ನೂ ದೂರವಿತ್ತು. ಕಾರು ಹೋದ ಆ ಮಣ್ಣಿನ ದಾರಿ ಮುಂದೆ ಎಲ್ಲೋ ಮತ್ತೆ ಹೆದ್ದಾರಿಗೆ ಬಂದು ಸೇರುತ್ತದೆಂದು ಕೊರ್ಕೊಯ್‌ಗೆ ಗೊತ್ತಿತ್ತು.

"ಅವಳ ಹಿಂದೆ ನಿಧಾನಕ್ಕೆ ಹೋಗಪ್ಪಾ," ಎಂದು ಬೇಡಿಕೊಂಡಳು.

ಚಾಲಕ ಸ್ವಲ್ಪ ದೂರ ಹಾಗೆಯೇ ಹೋದ. ಬೆನ್ನ ಮೇಲೆ ದೀಪ ಬಿದ್ದಷ್ಟೂ ಹುಡುಗಿ ಬೇಗ ಬೇಗ ನಡೆದಳು, ಕೊನೆಗೆ ಓಡಿದಳು. ರಸ್ತೆ ಬಿಟ್ಟು ಪೊದೆಗಳ ಕಡೆ ತಿರುಗಿದಳು.

"ನಾವು ಹಿಂದೆ ಹೋದಷ್ಟೂ ಅವಳು ಓಡ್ತಾಳೆ ಅವ್ವಾ," ಎಂದು ಅವನು ವೇಗ ಹೆಚ್ಚಿಸಿದ. "ನೀನು ಆಸ್ಪತ್ರೆಗಾದ್ರೂ ಸೇರ್ಬೇಕು."

ಕೆಂಕೆಯವಳು ಕತ್ತಲಿನತ್ತ ಕತ್ತು ಚಾಚಿ ನೋಡಿ ನಿಟ್ಟುಸಿರಿಟ್ಟಳು. "ಹುಚ್ಚು ಹುಡುಗಿ. ಒಳಗೆ ನಾನಿದ್ದೆನಲ್ಲ, ಕಾಣ್ಲಿಲ್ವಾ ಅವಳಿಗೆ?"

ಕೊರ್ಕೊಯ್ ತುಟಿ ಕಚ್ಚಿಕೊಂಡು, ತನಗೆ ಬಿಟ್ಟುಕೊಟ್ಟ ಜಾಗದಲ್ಲಿ ಕಣ್ಣು ಮುಚ್ಚಿ ಮಲಗಿದ್ದಳು.