ಬೇರೆ ಮನೆಯವಳಲ್ಲದ ತುಂಗಕ್ಕ

ನನ್ನ ಕಣ್ಣಾಣೆ, ಇದು ಉಪ್ಪಳದಲ್ಲಿ ನಡೆದದ್ದೇ. ನೆರೆಮನೆಯ ಮಂಜಣ್ಣ, ತೀರಿಕೊಂಡ ತನ್ನ ಹೆಂಡತಿ ತುಂಗಕ್ಕನಿಗೆ ಎಲೆ ಬಡಿಸುವ ಸಂಜೆ ನಾನೂ ಅಲ್ಲಿದ್ದೆ. ಮಹಡಿಯ ಅವಳ ಕೋಣೆಯಲ್ಲಿ ಕೋಳಿ, ರೊಟ್ಟಿ, ಒಂದು ಲೋಟ ಕಳ್ಳು ಇಟ್ಟು, ಬಾಗಿಲು ಮುಚ್ಚಿ ಹೊರಗೆ ನಿಲ್ಲುವುದು ಕ್ರಮ. ಅವಳೇ ಹಾಡಿದ ತುಳು ಪಾಡ್ದನ ಆಗ ಒಳಗಿನ ಟಿವಿಯಲ್ಲಿ ಕೇಳಬೇಕೆಂದು ಮಂಜಣ್ಣನ ಆಸೆ.

ಹಾಡು ಇದ್ದದ್ದು ಕೆಳಗಿನ ಕಂಪ್ಯೂಟರಿನಲ್ಲಿ. ಮೇಲಕ್ಕೆ ವೈಫೈ ಸಿಗದ್ದಕ್ಕೆ ಮಗಳು ರಶ್ಮಿತಾ ಎರಡನೇ ರೂಟರ್ ತಂದಿದ್ದಳು. "ಸತ್ತವರ ಕೋಣೆಗೆ ಎಲ್ಲ ಬೇರೆಯೇ ಇರಲಿ" ಎಂದು ಅಪ್ಪ ಹೇಳಿದ್ದರಿಂದ ಅದನ್ನೂ ಬೇರೆಯಾಗಿಯೇ ಜೋಡಿಸಿದ್ದಳು. ಈಗ ಟಿವಿಗೆ ಕಂಪ್ಯೂಟರೇ ಕಾಣುತ್ತಿಲ್ಲ.

"ಎಂತ ಮಗಳೇ, ಇಂಟರ್ನೆಟ್ ಉಂಟಲ್ಲ?" ಎಂದ ಮಂಜಣ್ಣ.

"ಉಂಟಪ್ಪಾ. ಆದ್ರೆ ಎರಡು ರೂಟರ್ ಎರಡು ಮನೆಯ ಹಾಗೆ ಆಗಿದೆ. ಒಂದಕ್ಕೊಂದು ಕಾಣುದಿಲ್ಲ. ಒಂದು ಮಾಡ್ಲಾ?"

ಮಂಜಣ್ಣ ಕಳ್ಳಿನ ಲೋಟವನ್ನು ಎಲೆಯ ಹತ್ತಿರಕ್ಕೆ ಸರಿಸಿದ.

"ಒಂದು ಮಾಡು. ಅವಳು ಬೇರೆ ಮನೆಯವಳಲ್ಲ."

ರಶ್ಮಿತಾ ಕೆಳಗಿನಿಂದ ಹೊಸ ರೂಟರಿಗೆ ಬಂದ ವಯರನ್ನು ಪಕ್ಕದ ತೂತಿಗೆ ಹಾಕಿ, ಅದು ಟಿವಿಗೆ ತಾನೇ ಬೇರೆ ವಿಳಾಸ ಕೊಡುವುದನ್ನು ನಿಲ್ಲಿಸಿದಳು; ಎರಡೂ ಒಂದೇ ಮನೆಯ ಹಾಗಾದವು. ಟಿವಿಯಲ್ಲಿ ಕಂಪ್ಯೂಟರ್ ಕಾಣಿಸಿತು. ಹಾಡು ಹಾಕಿ ಬಾಗಿಲು ಮುಚ್ಚಿದೆವು. ತುಂಗಕ್ಕನ ಸ್ವರ ಕೇಳುತ್ತಾ ಮಂಜಣ್ಣ ಬಾಗಿಲಿಗೆ ಹಣೆ ಒತ್ತಿ ನಿಂತ.

ಹಾಡು ಮುಗಿದು ಬಾಗಿಲು ತೆಗೆದರೆ ಕಳ್ಳಿನ ಲೋಟ ಖಾಲಿ!

ನಂಬಿಕೆ ಬರಲಿಲ್ಲವೇ? ನಿಮ್ಮ ಕಳ್ಳಿನ ಲೋಟ ಇತ್ತ ಕೊಡಿ, ಹೇಗೆ ಖಾಲಿಯಾಯಿತೆಂದು ತೋರಿಸುತ್ತೇನೆ.