ನಾಶಿಕದಿಂದಲೇ

ಸಂಭಾಜಿನಗರ ಶಾಖೆಯ ರೌಟರು ಯಾರನ್ನು ಒಳಬಿಡಬೇಕು, ಯಾರನ್ನು ತಡೆಯಬೇಕು ಎಂಬ ನಿಯಮಗಳನ್ನು ನಾಶಿಕದಲ್ಲಿ ಕೂತೇ ಬರೆಯಬಹುದೆಂದು ಅಲಕಾ ಬ್ಯಾಂಕಿನ ಸಭೆಯಲ್ಲಿ ಹೇಳಿದ್ದಳು. ಮೇಲಧಿಕಾರಿ ಅತುಲ್ ನಕ್ಕಿದ್ದ. ಮಾಡಿ ತೋರಿಸಿದರೆ ಉಳಿದ ಶಾಖೆಗಳ ಕೆಲಸವೂ ಅವಳದು. ಇಲ್ಲವಾದರೆ ಹೊರಗಿನ ಗುತ್ತಿಗೆದಾರರದು.

ಅಲಕಾ ಮೊದಲು ಹೊರಗಿನವರನ್ನೆಲ್ಲ ತಡೆಯುವ ಸಾಲನ್ನು ಜಾರಿಗೆ ತಂದಳು. ತಾನು ಹೊರಗಿನವಳಲ್ಲ ಎನ್ನುವ ಸಾಲು ಇನ್ನೂ ಬರೆಯಬೇಕಿತ್ತು. ಶಾಖೆಯ ಒಳಗಿನ ಕೆಲಸಕ್ಕೆ ಏನೂ ಆಗಲಿಲ್ಲ. ವಿಧೇಯ ರೌಟರು ಹೊರಗಟ್ಟಿದ್ದು ಅವಳೊಬ್ಬಳನ್ನೇ.

ಮರುದಿನ ರಜೆ ಹಾಕಿ ಬಸ್ಸು ಹತ್ತಿದಳು. ಸಂಭಾಜಿನಗರದ ಮ್ಯಾನೇಜರು, ಧಾರವಾಡದ ಬಿಂದುಮಾಧವರು, ಚಹಾ ತರಿಸಿದರು.

"ಕೀಲಿಕೈ ಒಳಗಿಟ್ಟು ಕದಾ ಎಳಕೊಂಡ್ರೇನ್ರಿ, ಅಲಕಾಬಾಯಾರ?"

"ಹೌದ್ರಿ ಸರ. ನಗೂದಿದ್ರ ಈಗ ನಕ್ಕುಬಿಡ್ರಿ."

ಲ್ಯಾಪ್‌ಟಾಪಿನಿಂದ ರೌಟರಿಗೆ ನೇರ ಕೇಬಲ್ ಜೋಡಿಸಿ ಆ ಒಂದು ಸಾಲನ್ನು ಅಳಿಸಿದಳು. ಕೇಬಲ್ ಕಿತ್ತು ಚೀಲಕ್ಕೆ ಹಾಕಿದಳು.

"ಅಯ್ಯ, ಬಂದೀರಿ, ಇಲ್ಲೇ ಕೂತು ಮುಗಿಸಿಬಿಡ್ರಲ್ಲಾ!"

"ಇಲ್ಲಿ ಮುಗಿಸಿದ್ರ ಅತುಲ್ ಸಾಹೇಬ್ರು ಗೆದ್ದಂಗ್ರಿ."

ಚಹಾ ಕುಡಿದು ನಾಶಿಕದ ಬಸ್ಸು ಹಿಡಿದಳು.

ಮಾರನೆಯ ಬೆಳಿಗ್ಗೆ ಅತುಲನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೊಟ್ಟಮೊದಲು ತನ್ನ ಕಂಪ್ಯೂಟರಿಗೆ ಪ್ರವೇಶ ಬರೆದಳು, ಆಮೇಲೆ ಶಾಖೆಗೆ ಬೇಕಾದವರಿಗೆ. ಕೊನೆಗೆ ಉಳಿದ ಜಗತ್ತನ್ನು ತಡೆದಳು. ಬಿಂದುಮಾಧವರ ಫೋನು ಬಂತು: "ಎಲ್ಲಾ ನಡದದರಿ!"

ಅತುಲ್ ಮುಂದಿನ ಸರದಿಯ ಸಿನ್ನರ್ ಶಾಖೆಯ ರೌಟರಿನ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಅವಳತ್ತ ಸರಿಸಿದ. ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆಯಬಾರದೆಂಬ ಸುತ್ತೋಲೆ ಅವನದೇ.